ಹಡಗಿನಲ್ಲೊಂದು ಪೂರ್ವದ ಬಾಲ್ಕನಿ

ವಾಸ್ಕೋದ ನಮ್ಮ ಮನೆಯ ಬಾಲ್ಕನಿಗೆ ಬಾಲ್ಕನಿ ಎಂಬ ದೊಡ್ಡ ಹೆಸರನ್ನು ಕೊಟ್ಟವನು ಮನೆ ಕಟ್ಟಿದವನು. ಹೆಸರಿಡುವ ಭಾಗ್ಯ ನಮಗಿದ್ದರೆ ಇನ್ನೂ ಚಿಕ್ಕದೊಂದನ್ನು ಹುಡುಕುತ್ತಿದ್ದೆವು. ಒಂದು ತುಳಸಿ ಕುಂಡ, ಒಂದು ಉಳ್ಳಾಗಡ್ಡಿ ಬುಟ್ಟಿ, ತಲೆಯ ಮೇಲೆ ಒಣಹಾಕಿದ ಮಡಿ ಸೀರೆ, ಅದರ ಕೆಳಗೆ ನಮ್ಮ ಅತ್ತೆಯವರ ಮಣೆ. ಇಷ್ಟಾದ ಮೇಲೆ ಗಾಳಿ ಬರಬೇಕೆಂದರೂ ‘ಸ್ವಲ್ಪ ಸರೀರಿ’ ಎಂದು ಕೇಳಿಕೊಂಡೇ ಬರಬೇಕು. ಎದುರಿಗೆ ಪಕ್ಕದ ಕಟ್ಟಡದ ಕರಿಯ ನೀರಿನ ಟಾಕಿ. ಊರಿಗೆಲ್ಲ ಬೆಳಗಾಗಿ, ಹಾಲಿನವನು ಬಂದು ಹೋಗಿ, ಬಂದರಿನ ಲಾರಿಗಳು ಒಂದು ಸುತ್ತು ಹಾರ್ನ್ ಹೊಡೆದು ಮುಗಿಸಿದ ಮೇಲೆ ಸೂರ್ಯನಾರಾಯಣ ಆ ಟಾಕಿಯ ಹಿಂದಿನಿಂದ, ತಡವಾಗಿ ಆಫೀಸಿಗೆ ಬಂದ ಗುಮಾಸ್ತನ ಹಾಗೆ, ಮೆಲ್ಲಗೆ ಮುಖ ತೋರಿಸುತ್ತಾನೆ.

ಈ ತಡ ನನಗೊಂದು ಚಿಂತೆ. ಯಾಕೆಂದರೆ ಅತ್ತೆಯವರು ಸೂರ್ಯನ ಮುಖ ನೋಡಿ, ತಂಬಿಗೆಯಿಂದ ಅವನಿಗೆ ನೀರು ಬಿಟ್ಟ ಹೊರತು ಬಾಯಿಗೆ ಹನಿ ನೀರು ಹಾಕುವವರಲ್ಲ. ಮದುವೆಯಾಗಿ ಬಂದಾಗಿನಿಂದ ಹಿಡಿದ ನೇಮವಂತೆ. ಆಗ ಅವರಿಗೆ ಶುಗರ್ ಇರಲಿಲ್ಲ, ಈಗ ಇದೆ. ಹೊತ್ತಿಗೆ ಸರಿಯಾಗಿ ತಿಂದು ಮಾತ್ರೆ ನುಂಗದಿದ್ದರೆ ಕೈ ನಡುಗುತ್ತದೆ, ಹಣೆ ಬೆವರುತ್ತದೆ. ಮಳೆಗಾಲದಲ್ಲಿ ಮಾತ್ರ ನನಗೆ ನೆಮ್ಮದಿ. ಮೋಡದ ದಿನ ಅವನ ದಿಕ್ಕಿಗೆ ನೀರು ಬಿಟ್ಟರೆ ಸಾಕೆಂಬ ರಿಯಾಯಿತಿಯನ್ನು ಅವರು ತಮಗೆ ತಾವೇ ಕೊಟ್ಟುಕೊಂಡಿದ್ದಾರೆ. ಗೋವಾದ ಮಳೆ ನಾಲ್ಕು ತಿಂಗಳು ಹಿಡಿಯುವುದು ದೇವರ ಸಣ್ಣ ಉಪಕಾರಗಳಲ್ಲಿ ಒಂದು ಎಂದು ನಾನು ಎಣಿಸಿಟ್ಟುಕೊಂಡಿದ್ದೇನೆ.

ಹೀಗಿರುವಾಗ ನಮ್ಮವರು ಒಂದು ಸಂಜೆ ಅಂಗಡಿಯಿಂದ ನಗುತ್ತ ಬಂದರು. ನಮ್ಮದು ಪಾತ್ರೆ ಅಂಗಡಿ. ಜತೆಗೆ ಮಿಕ್ಸರು, ಕುಕ್ಕರುಗಳೂ ಇವೆ. ಮಿಕ್ಸರಿನ ಕಂಪನಿಯವರು ಚೆನ್ನಾಗಿ ಮಾರಿದ ಅಂಗಡಿಯವರಿಗೆಲ್ಲ ಕುಟುಂಬಸಮೇತ ಹಡಗಿನ ಪ್ರವಾಸ ಇಟ್ಟಿದ್ದರು: ಸಂಜೆ ಇಲ್ಲಿಂದ ಹೊರಟು ಬೆಳಗ್ಗೆ ಮುಂಬಯಿ, ಅಲ್ಲಿ ಹಗಲು ಕಳೆದು ಸಂಜೆ ಹೊರಟು ಮರುದಿನ ಬೆಳಗ್ಗೆ ಮತ್ತೆ ನಮ್ಮೂರು. ಬಾಲ್ಕನಿ ಇರುವ ಕ್ಯಾಬಿನ್. ಯಾವುದು ಬೇಕೋ ನಾವೇ ಆರಿಸಿಕೊಳ್ಳಬಹುದು. ಅತ್ತೆಯವರಿಗೆ ಬಂದರಿನಲ್ಲಿ ನಿಂತ ಹಡಗುಗಳನ್ನು ನೋಡಿ ನೋಡಿ ಒಮ್ಮೆಯಾದರೂ ಏರಬೇಕೆಂಬ ಆಸೆ. ಆದರೆ ಶರತ್ತೊಂದಿತ್ತು.

“ಸೂರ್ಯಾ ಕಾಣೂ ಖೋಲಿ ಇದ್ದರ ಬರ್ತೇನಿ. ಇಲ್ಲಂದ್ರ ನೀವಿಬ್ರೂ ಹೋಗಿ ಬರ್ರಿ, ನಾ ಮನ್ಯಾಗ ನನ್ನ ಟಾಕೀ ನೋಡಕೋತ ಕುಂದರ್ತೇನಿ.”

“ನಾ ಆರಿಸ್ತೇನಿ ಬಿಡ್ರಿ ಅತ್ತಿ,” ಎಂದೆ ನಾನು. ನೋಡಿ, ಈ ಆತ್ಮವಿಶ್ವಾಸ ಎಲ್ಲಿಂದ ಬಂತೆಂದು ನಿಮಗೆ ಹೇಳಬೇಕು. ಜಾಗ ಹಿಡಿಯುವುದರಲ್ಲಿ ನನ್ನ ಕೈ ಪಳಗಿದೆ. ಅರಿಶಿನ-ಕುಂಕುಮಕ್ಕೆ ಹೋದರೆ ಫ್ಯಾನಿನ ನೇರ ಕೆಳಗೆ, ಮದುವೆಗೆ ಹೋದರೆ ಹೋಳಿಗೆ ಬಿಸಿ ಇರುವಾಗಲೇ ಮುಟ್ಟುವ ಪಂಕ್ತಿಯಲ್ಲಿ, ಕೀರ್ತನೆಗೆ ಹೋದರೆ ಬೆನ್ನಿಗೆ ಗೋಡೆ ಸಿಗುವಲ್ಲಿ ನಾನು ಕೂತಿರುತ್ತೇನೆ. ಹುಬ್ಬಳ್ಳಿಗೆ ರೈಲಿನಲ್ಲಿ ಹೋಗುವಾಗ ಯಾವ ಬದಿಯ ಕಿಟಕಿಗೆ ದೂಧಸಾಗರ ಜಲಪಾತ ಕಾಣುತ್ತದೆಂದು ನೆಂಟರೆಲ್ಲ ನನಗೇ ಫೋನ್ ಮಾಡಿ ಕೇಳುತ್ತಾರೆ. ಮೋಕ್ಷಕ್ಕೆ ಸಾಲು ನಿಲ್ಲಿಸಿದರೂ ನಾನು ಮೊದಲು ನೆರಳಿರುವ ಬದಿ ಯಾವುದು ಎಂದು ನೋಡುವವಳೇ.

ಟಿಕೆಟ್ ಆಫೀಸಿನ ಹುಡುಗಿ ಮರ್ಲಿನ್ ಇಲ್ಲಿಯವಳು. ನಮ್ಮ ಕಡೆಯವರ ಜತೆ ವ್ಯವಹಾರ ಮಾಡಿ ಮಾಡಿ ಕನ್ನಡ ಕಲಿತವಳು. ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಪಾಠ ಶುರುಮಾಡಿದಳು. ನಡುಮಧ್ಯದ ಕ್ಯಾಬಿನ್ ತಕ್ಕೊಂಡರೆ ಹೊಯ್ದಾಟ ಕಡಿಮೆ, ತುದಿಗಳಲ್ಲಿ ತೊಟ್ಟಿಲು ತೂಗಿದ ಹಾಗೆ. ಕೆಳಗಿನ ಅಂತಸ್ತು ಇನ್ನೂ ಸ್ಥಿರ. ಈಜುಕೊಳದ ಕೆಳಗೆ ಬೇಡ, ಬೆಳಗಿನ ಜಾವವೇ ಕುರ್ಚಿ ಎಳೆಯುತ್ತಾರೆ. ನಾಟಕಶಾಲೆಯ ಮೇಲೆ ಬೇಡ, ಢೋಲು ಬಡಿಯುತ್ತಾರೆ. ಲಿಫ್ಟಿಗೆ ಅಂಟಿಕೊಂಡದ್ದು ಬೇಡ, ದೂರದ್ದೂ ಬೇಡ. ಕೆಲವು ಬಾಲ್ಕನಿಗಳ ಮುಂದೆ ಜೀವರಕ್ಷಣೆಯ ದೋಣಿ ತೂಗುಹಾಕಿರುತ್ತಾರೆ, ಸಮುದ್ರದ ಬದಲು ಅದರ ಹೊಟ್ಟೆ ನೋಡುತ್ತ ಕೂರಬೇಕು. ಮನೆಯಲ್ಲಿ ಟಾಕಿ, ಅಲ್ಲಿ ದೋಣಿ! ಅದೊಂದನ್ನು ನಾನು ಕೂಡಲೇ ಒಪ್ಪಿದೆ. ಉಳಿದದ್ದೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು.

“ಇವೆಲ್ಲ ಇರಲಿವಾ. ಮೂಡಣ ದಿಕ್ಕಿನ್ವು ಯಾವು?” ಎಂದೆ.

ಅವಳು ಪೆನ್ನು ಕೆಳಗಿಟ್ಟಳು. “ಆಂಟಿ, ಹಡಗಿಗೆ ಮೂಡಣ-ಪಡುವಣ ಇಲ್ಲ. ಎಡ, ಬಲ ಅಷ್ಟೇ.”

“ನಿಮಗ ಇರಲಿಕ್ಕಿಲ್ಲ. ನಮಗ ಐತಿ.”

ಪಕ್ಕದಲ್ಲಿ ಕೂತಿದ್ದ ನಮ್ಮವರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ನಾನು ಮಾತ್ರ ಲೆಕ್ಕ ಹಾಕಿದೆ. ಮುಂಬಯಿ ಉತ್ತರಕ್ಕಿದೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಬಲಗೈಗೆ ಪೂರ್ವ. ಅಂದರೆ ಬಲಬದಿಯ ಬಾಲ್ಕನಿ. ಮಲಗುವಾಗ ತಲೆ ಹಡಗಿನ ಹಿಂಬದಿಗೆ, ಅಂದರೆ ದಕ್ಷಿಣಕ್ಕೆ, ಶಾಸ್ತ್ರಕ್ಕೂ ಸರಿ. ನಡುಮಧ್ಯದಲ್ಲಿ ಬಲಬದಿ ತುಂಬಿಹೋಗಿತ್ತು, ಹಿಂತುದಿಯಲ್ಲಿ ಒಂದು ಉಳಿದಿತ್ತು. “ಅಲ್ಲಿ ಅಲುಗಾಡುತ್ತದೆ ಆಂಟಿ,” ಎಂದಳು ಮರ್ಲಿನ್. ಅಲುಗಾಡಲಿ, ಪೂರ್ವವಂತೂ ಗಟ್ಟಿಯಾಗಿರುತ್ತದಲ್ಲ ಎಂದುಕೊಂಡು ಅದನ್ನೇ ಹಿಡಿದೆ. ಮನೆಗೆ ಬಂದು, ವಾಸ್ತು ನೋಡಿ ಅರಮನೆ ಕೊಂಡವಳ ಗತ್ತಿನಲ್ಲಿ ಅತ್ತೆಯವರಿಗೆ ವರದಿ ಒಪ್ಪಿಸಿದೆ.

ಹೊರಟ ಸಂಜೆ ಹಡಗಿನ ಜನರೆಲ್ಲ ಎಡಬದಿಗೆ ಧಾವಿಸಿದರು. ಅಲ್ಲಿ ಸೂರ್ಯ ಮುಳುಗುತ್ತಿದ್ದ. ನಾವು ಮೂವರೂ ಬಲಬದಿಯ ನಮ್ಮ ಬಾಲ್ಕನಿಯಲ್ಲಿ ಕೂತು ಕಪ್ಪಾಗುತ್ತಿದ್ದ ದಂಡೆಯನ್ನೂ, ಯಾರದೋ ಹೋಟೆಲಿನ ದೀಪಗಳನ್ನೂ ಭಕ್ತಿಯಿಂದ ನೋಡಿದೆವು. ಹಿಂತುದಿ ಚೆನ್ನಾಗಿಯೇ ತೂಗಿತು. ನಮ್ಮವರು ರಾತ್ರಿಯಿಡೀ ಲಿಂಬೆಹಣ್ಣು ಮೂಸುತ್ತ ಮಲಗಿದರು. ಆದರೆ ಬೆಳಗಾದಾಗ, ಅಬ್ಬಾ! ಸಹ್ಯಾದ್ರಿಯ ನೆತ್ತಿಯಿಂದ ಕುಂಕುಮದ ಬಟ್ಟಲು ಮೇಲೆದ್ದ ಹಾಗೆ ಸೂರ್ಯ ನೇರ ನಮ್ಮ ಬಾಲ್ಕನಿಯ ಕಟಕಟೆಯ ಮೇಲೆಯೇ ಬಂದ. ಟಾಕಿಯಿಲ್ಲ, ಕಾಯುವುದಿಲ್ಲ. ಅತ್ತೆಯವರು ಸ್ನಾನ ಮಾಡಿ, ಮಡಿಯುಟ್ಟು, ತಂಬಿಗೆ ಎತ್ತಿ ನೀರು ಬಿಟ್ಟು, “ಶಾಣ್ಯಾಕಿ ಇದ್ದಿ ಗಿರಿಜಾ,” ಎಂದರು. ಇಷ್ಟು ವರ್ಷಗಳಲ್ಲಿ ನನ್ನ ಹೋಳಿಗೆಗೂ ಸಿಗದ ಮಾತದು. ನಾನು ಹಿಗ್ಗಿ, ಒದ್ದೆ ಸೀರೆಯನ್ನು ಕಟಕಟೆಯ ಮೇಲೆ ಒಣಹಾಕಿದೆ. ಹಡಗಿನ ಸಿಬ್ಬಂದಿಯವರು ಬಂದು ಕೈಮುಗಿದು ತೆಗೆಸಿದರು. ಸಂತೋಷದಲ್ಲಿ ಅದೂ ಸನ್ಮಾನದ ಹಾಗೆಯೇ ಕಂಡಿತು.

ಮುಂಬಯಿ ಬಿಟ್ಟ ಸಂಜೆ ಇನ್ನೊಂದು ವಿಸ್ಮಯ ನಡೆಯಿತು. ನಾವು ಚಹಾ ಹಿಡಿದು ಬಾಲ್ಕನಿಗೆ ಬಂದರೆ, ಸೂರ್ಯ ನಮ್ಮ ಎದುರಿಗೇ, ಕೈಗೆ ಸಿಗುವಷ್ಟು ಹತ್ತಿರ, ಬಂಗಾರ ಚೆಲ್ಲುತ್ತ ಮುಳುಗುತ್ತಿದ್ದಾನೆ!

“ನೋಡ್ರಿ,” ಎಂದೆ ನಮ್ಮವರಿಗೆ, “ಹುಟ್ಟೂದೂ ಇಲ್ಲೆ, ಮುಳಗೂದೂ ಇಲ್ಲೆ. ಎಂಥಾ ಖೋಲಿ ಹಿಡದೇನಿ!”

“ಖರೇನ ಬಿಡು, ಭಾಳ ಚಲೋ ಹಿಡದಿ,” ಎಂದರು ಅವರು, ಫೋಟೋ ತೆಗೆಯುತ್ತ. ಪಾತ್ರೆಯನ್ನು ತಟ್ಟಿ ಸದ್ದು ಕೇಳಿಯೇ ಬಿರುಕು ಹೇಳುವ ಮನುಷ್ಯನಿಗೂ ಈ ಮಾತಿನ ಬಿರುಕು ಕೇಳಿಸಲಿಲ್ಲ. ಅತ್ತೆಯವರು ಒಳಗೆ ಜಪಕ್ಕೆ ಕೂತಿದ್ದರು. ಇಲ್ಲದಿದ್ದರೆ ಅಲ್ಲೇ ತಿಳಿದುಹೋಗುತ್ತಿತ್ತು.

ಬೆಳಗ್ಗೆ ಅವರು ಮಡಿಯುಟ್ಟು, ತಂಬಿಗೆ ಹಿಡಿದು ಬಾಲ್ಕನಿಗೆ ಬಂದರು. ಎದುರಿಗೆ ಬೂದು ಬಣ್ಣದ ಸಮುದ್ರ, ಬೂದು ಬಣ್ಣದ ಆಕಾಶ. ಬೆಳಕು ಎಲ್ಲಿಂದಲೋ ಬರುತ್ತಿತ್ತು, ನಮ್ಮ ಬೆನ್ನ ಹಿಂದಿನಿಂದ. ಹಡಗಿನ ನೆರಳು ನೀರಿನ ಮೇಲೆ ಉದ್ದಕ್ಕೆ ಮಲಗಿತ್ತು.

“ಗಿರಿಜಾ, ಪೂರ್ವ ಎಲ್ಲಿ ಇಟ್ಟಿವಾ? ನಿನ್ನೆ ಇಲ್ಲೇ ಇತ್ತಲ್ಲ?”

ಆಗ ಹೊಳೆಯಿತು. ಹಡಗು ಈಗ ದಕ್ಷಿಣಕ್ಕೆ ಮುಖ ಮಾಡಿತ್ತು, ನಮ್ಮ ಬಲಬದಿ ಪಶ್ಚಿಮವಾಗಿತ್ತು. ಹುಬ್ಬಳ್ಳಿಗೆ ಹೋಗುವಾಗ ಒಂದು ಕಿಟಕಿ, ಬರುವಾಗ ಅದರೆದುರಿನದು ಎಂದು ಊರಿಗೆಲ್ಲ ಹೇಳುವವಳು ನಾನು! ಹಡಗಿನ ಖೋಲಿಗೆ ಬಾಗಿಲು, ಬೀಗ, ಸ್ನಾನದ ಮನೆ ಎಲ್ಲ ಕಂಡೊಡನೆ ಅದನ್ನು ಮನೆಯೆಂದು ಬಗೆದು, ಮನೆಗೆ ದಿಕ್ಕು ಗೊತ್ತುಮಾಡಿದ ಹಾಗೆ ಗೊತ್ತುಮಾಡಿಬಿಟ್ಟಿದ್ದೆ. ಅಷ್ಟೇ ಅಲ್ಲ, ರಾತ್ರಿ ನಾವೆಲ್ಲ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದೆವು. ಇದನ್ನು ಅತ್ತೆಯವರಿಗೆ ಇವತ್ತಿಗೂ ಹೇಳಿಲ್ಲ. ನೀವೂ ಹೇಳಬೇಡಿ.

“ಮ್ಯಾಲಿನ ಅಂಗಳಕ್ಕ ಹೋಗೂಣು ನಡಿಯವ್ವಾ, ಲಿಫ್ಟ್ ಐತಿ,” ಎಂದರು ನಮ್ಮವರು.

“ಆ ತತ್ತಿ, ಮೀನಾ ಕರಿಯೂ ಊಟದ ಹಾಲ್ ದಾಟಕೊಂಡು ಮಡೀಲೆ ಹೆಂಗ ಬರಲೋ?”

“ಮೋಡ ಅಂತ ತಿಳಕೊಂಡು ಆ ಕಡಿಗೆ ನೀರು ಬಿಡ್ರಲ್ಲ ಅತ್ತಿ,” ಎಂದು ನಾನು ಬೇಡಿದೆ.

ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. “ಮೋಡ ಅಡ್ಡ ಬಂದ್ರ ಅದು ಅವನ ಆಟ. ನಾವ ಅವಗ ಬೆನ್ನು ಮಾಡಿ ಕುಂತು ಮೋಡ ಅಂದ್ರ?” ಎಂದು ಕುರ್ಚಿಯಲ್ಲಿ ಕೂತು, ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡರು.

ಹೊತ್ತು ಏರಿತು. ಮಾತ್ರೆಯ ಹೊತ್ತು ಮೀರಿತು. ತಂಬಿಗೆಯೊಳಗಿನ ನೀರು ಸಣ್ಣಗೆ ಅಲುಗುವುದು ಕಂಡಿತು. ಮೊದಲು ಹಡಗಿನ ಅಲುಗಾಟವೆಂದುಕೊಂಡೆ. ಆಮೇಲೆ ನೋಡಿದರೆ ಅವರ ಕೈ. ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. ನಾನು ಪೂಜೆಯ ಕಲ್ಲುಸಕ್ಕರೆಯ ಚೂರೊಂದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ನಿಂತೆ. ಪ್ರಾಣಕ್ಕೆ ಬಂದರೆ ನೇಮ ಮುರಿದಾದರೂ ಅವರ ಬಾಯಿಗಿಡುವುದು, ಪಾಪ ನನಗಿರಲಿ ಎಂದು. ದೇವರಲ್ಲಿ ನಾನು ಸಾಮಾನ್ಯವಾಗಿ ದೊಡ್ಡದೇನನ್ನೂ ಕೇಳುವುದಿಲ್ಲ. ಅವತ್ತು ಮಾತ್ರ ಇಷ್ಟು ದೊಡ್ಡ ಹಡಗನ್ನು ಸ್ವಲ್ಪ ತಿರುಗಿಸಪ್ಪಾ ಎಂದು ಕೇಳಿಬಿಟ್ಟೆ.

ಅಷ್ಟರಲ್ಲಿ ಹಡಗು ನಿಧಾನವಾಯಿತು. ನಮ್ಮೂರಿನ ಗುಡ್ಡ, ಬಂದರಿನ ಕ್ರೇನುಗಳು ಕಂಡವು. ಬಂದರಿನೊಳಗೆ ಬಂದ ಹಡಗು ಧಕ್ಕೆಯ ಕಟ್ಟೆಗೆ ಹತ್ತುವ ಮೊದಲು ನಿಂತಲ್ಲೇ ಮೂತಿ ತಿರುಗಿಸತೊಡಗಿತು. ಮರುಪ್ರಯಾಣಕ್ಕೆ ಸುಲಭವಾಗಲೆಂದು ಹಾಗೆ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸುತ್ತಾರಂತೆ. ಗುಡ್ಡ ಸರಿಯಿತು, ಕ್ರೇನುಗಳು ಸರಿದವು, ಕಟಕಟೆಯ ಒಂದು ಮೂಲೆ ಬೆಳಗಿತು, ಆಮೇಲೆ ತುಳಸಿ ಎಲೆಯಷ್ಟು ಬಿಸಿಲು ಅತ್ತೆಯವರ ಕಾಲಬೆರಳ ಮೇಲೆ ಬಿತ್ತು, ಅಲ್ಲಿಂದ ಸೆರಗಿಗೆ, ಅಲ್ಲಿಂದ ಮುಖಕ್ಕೆ.

“ಬಂದಾ!” ಎಂದು ಅವರು ಎದ್ದರು. ನಾನು ರಟ್ಟೆ ಹಿಡಿದೆ, ನಮ್ಮವರು ಬೆನ್ನು ಹಿಡಿದರು. ನೀರು ಬಿಟ್ಟರು. ಗಾಳಿ ಬೀಸಿ ಅರ್ಧ ಸೂರ್ಯನಿಗೆ ಹೋಯಿತು, ಅರ್ಧ ನನ್ನ ಮುಖಕ್ಕೆ. ಯಾರಿಗೆ ಎಷ್ಟು ಸಲ್ಲಬೇಕೋ ಅಷ್ಟು ಸಂದಿತು. ಕಲ್ಲುಸಕ್ಕರೆ ಬಾಯಿಗಿಟ್ಟೆ, ಮಾತ್ರೆ ಕೊಟ್ಟೆ, ಇಡ್ಲಿ ತಿನ್ನಿಸಿದೆ. ಅಷ್ಟರಲ್ಲಿ ಬಿಸಿಲು ಬಾಲ್ಕನಿ ದಾಟಿ ಹೋಗಿತ್ತು.

“ನಮ್ಮ ಸಲುವಾಗಿ ಹಡಗ ಪ್ರದಕ್ಷಿಣಿ ಹಾಕ್ತು ನೋಡು,” ಎಂದರು ಅತ್ತೆಯವರು, ಚೇತರಿಸಿಕೊಂಡು. ಅದು ಎಡಕ್ಕೆ ಸುತ್ತಿದ್ದರಿಂದ ಅಪ್ರದಕ್ಷಿಣೆಯಾಯಿತೆಂದು ನನಗೆ ಹೊಳೆದರೂ, ಇನ್ನು ಈ ಜನ್ಮಕ್ಕೆ ದಿಕ್ಕಿನ ಮಾತು ಆಡಬಾರದೆಂದು ಅವರ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದೆ.

ಒಳ್ಳೆಯ ಜಾಗ ಯಾವುದೆಂದು ನೀವು ಈಗ ನನ್ನನ್ನು ಕೇಳಿದರೆ ಹೇಳಲು ಬಾಯಿ ಬರುವುದಿಲ್ಲ. ಫ್ಯಾನಿನ ಕೆಳಗೆ ಕೂತಾಗ ಕರೆಂಟು ಹೋದದ್ದಿದೆ. ಬಿಸಿ ಹೋಳಿಗೆಯ ಪಂಕ್ತಿಯಲ್ಲಿ ತುಪ್ಪ ಮುಗಿದದ್ದಿದೆ. ನಾವು ಅಳೆದು ಹಿಡಿದ ಜಾಗ ನಮ್ಮ ಕೆಳಗೇ ತಿರುಗುತ್ತಿರುತ್ತದೆ. ಅದು ತಿರುಗುವುದರಿಂದಲೇ ಒಮ್ಮೊಮ್ಮೆ ನಾವು ಬದುಕಿಕೊಳ್ಳುತ್ತೇವೆ. ಆ ಬೆಳಗ್ಗೆ ಹಡಗು ಹಿಡಿದ ದಿಕ್ಕಿಗೇ ನಿಂತುಬಿಟ್ಟಿದ್ದರೆ ಅತ್ತೆಯವರ ಗತಿ?

ಮರುದಿನ ಬೆಳಗ್ಗೆ ಮನೆಯಲ್ಲಿ ಅವರು ಮತ್ತೆ ತಮ್ಮ ಮಣೆಯ ಮೇಲೆ, ತಂಬಿಗೆಯೊಡನೆ, ಟಾಕಿಯ ಕಡೆ ಮುಖ ಮಾಡಿ ಕೂತಿದ್ದರು. ದಿನಾಲೂ ಅಡಿಗೆಮನೆಯಿಂದ ‘ಬಂದನೇನ್ರಿ?’ ಎಂದು ಕೂಗುವ ನಾನು ಅವತ್ತು ಅವಸರಿಸಲಿಲ್ಲ.

“ಏನವ್ವಾ, ಈ ಮನೀನೂ ಎಲ್ಲ್ಯಾರ ತಿರಗೀತೇನ?” ಎಂದು ಅವರೇ ಕೆಣಕಿದರು.

“ತಿರಗತೈತ್ರಿ ಅತ್ತಿ. ಸಾವಕಾಶ ತಿರಗತೈತಿ,” ಎಂದೆ. ನಮ್ಮ ಬಾಲ್ಕನಿಯನ್ನೂ ತುಳಸಿಯನ್ನೂ ಹೊತ್ತ ಈ ಭೂಮಿ ಅವನ ಕಡೆ ತಿರುಗುತ್ತಲೇ ಇತ್ತು, ಯಾರೂ ಆರಿಸದೆ, ಯಾರನ್ನೂ ಕೇಳದೆ.

ಟಾಕಿಯ ಅಂಚು ಇನ್ನೂ ಕಪ್ಪಗೇ ಇತ್ತು. ನಾನು ಉಳ್ಳಾಗಡ್ಡಿ ಬುಟ್ಟಿಯನ್ನು ಒಳಗೆ ತಳ್ಳಿ, ಆ ಜಾಗದಲ್ಲಿ ಅವರ ಪಕ್ಕ ಕೂತೆ.