ಎರಡು ಬೆರಳು ಹೆಚ್ಚು

ಕಳೆದ ಶನಿವಾರ ಮಧ್ಯಾಹ್ನ ಎಟೋಬಿಕೋಕಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಮಗಳ ಹಳೆಯ ಕ್ರಿಬ್ಬಿಗೆ, ಅವಳು ಕೂಸಾಗಿದ್ದಾಗ ಮಲಗುತ್ತಿದ್ದ ಕಟಕಟೆಯ ಮಂಚಕ್ಕೆ, ಗರಗಸ ಹಚ್ಚಿದೆ. ಎರಡು ಎಳೆತ ಎಳೆಯುವಷ್ಟರಲ್ಲಿ ವಾಸನೆ ಎದ್ದಿತು. ಪೈನ್ ಮರದ ವಾಸನೆ, ಅದರೊಳಗೆ ಹಳಸಿದ ಕೊಬ್ಬರಿ ಎಣ್ಣೆಯ ಸಣ್ಣ ಕಮಟು... ನನ್ನ ಕೈ ಅಲ್ಲೇ ನಿಂತಿತು.

ಮಗಳಿಗೆ ಈಗ ಹನ್ನೊಂದು. ಅವಳಿಗೊಂದು ಓದುವ ಮೇಜು ಬೇಕಾಗಿತ್ತು. ಅಂಗಡಿಯ ಮೇಜುಗಳು ನೋಡಲು ಚೆಂದ, ಆದರೆ ಪುಡಿಯನ್ನು ಒತ್ತಿ ಮಾಡಿದ ಹಲಗೆ, ಮೇಲೊಂದಿಷ್ಟು ನೀರು ಬಿದ್ದರೆ ಊದಿಕೊಳ್ಳುತ್ತದೆ. ಇಷ್ಟು ವರ್ಷ ಹಳೆಯ ಬೂಟು, ಜಾಕೆಟ್ಟುಗಳನ್ನು ತುಂಬಿಡುವ ಬುಟ್ಟಿಯಾಗಿದ್ದ ಕ್ರಿಬ್ಬಿನ ಮರ ಗಟ್ಟಿಯಾಗಿತ್ತು. ಅದನ್ನೇ ಬಿಚ್ಚಿ ಮೇಜು ಮಾಡೋಣ ಎಂದವಳು ನಾನೇ. ಎಂದ ಮೇಲೆ ಎರಡು ವಾರ ಗ್ಯಾರೇಜಿನ ಕಡೆ ತಲೆ ಹಾಕಿರಲಿಲ್ಲ.

"ಅಮ್ಮಾ, ವೈ ಡಿಡ್ ಯು ಸ್ಟಾಪ್?" ಎಂದಳು ಮಗಳು, ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡು.

ಆ ಕ್ರಿಬ್ ಮಾಡಿದವರ ಬಗ್ಗೆ ಅವಳಿಗೆ ನಾನು ಎಂದೂ ಸರಿಯಾಗಿ ಹೇಳಿಲ್ಲ. ಹೇಳಲು ಹೋದರೆ ನಾನು ಆಡಿದ ಮಾತನ್ನೂ ಹೇಳಬೇಕಾಗುತ್ತಿತ್ತು.

ನಾವು ಮೈಸೂರಿನಿಂದ ಈ ದೇಶಕ್ಕೆ ಬಂದ ಮೊದಲ ವರ್ಷ ಬ್ರ್ಯಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಹಗಲು ವೇರ್‌ಹೌಸಿನಲ್ಲಿ ಡಬ್ಬಗಳನ್ನು ಎತ್ತಿಡುತ್ತ, ಮನೆಗೆ ಬಂದು ಎಂಜಿನಿಯರ್ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದರು. ನಾನು ಏಳು ತಿಂಗಳ ಬಸುರಿ. ಅದಕ್ಕೂ ಹಿಂದೆ ಮೈಸೂರಿನಲ್ಲಿದ್ದಾಗ ಒಂದು ಮಗು ಐದನೇ ತಿಂಗಳಲ್ಲೇ ಹೋಗಿತ್ತು. ಯಾಕೆ ಎಂದು ಡಾಕ್ಟರು ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲವೋ ಏನೋ. ಕಾರಣ ಗೊತ್ತಿಲ್ಲದವರಿಗೆ ಎಲ್ಲವೂ ಕಾರಣವಾಗಿ ಕಾಣುತ್ತದೆ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ನಾನು ನೀರನ್ನೂ ಊದಿ ಕುಡಿಯುತ್ತಿದ್ದೆ. ಬೇಸ್‌ಮೆಂಟಿನ ಗಾಳಿ ಒಳ್ಳೆಯದಲ್ಲವಂತೆ, ಹೀಟರಿನ ಪಕ್ಕ ಮಲಗಬಾರದಂತೆ, ಎಡಮಗ್ಗುಲೇ ಸರಿಯಂತೆ... ದಿನವಿಡೀ ಫೋನಿನಲ್ಲಿ ಇವನ್ನೇ ಓದುವುದು, ಓದಿ ಬೆವರುವುದು.

ಕ್ರಿಬ್ ಇನ್ನೊಂದು ಚಿಂತೆ. ಹೊಸದು ನಮ್ಮ ಕೈಗೆಟುಕುವಂತಿರಲಿಲ್ಲ. ಹಳೆಯದನ್ನು ಯಾರೋ ಪುಕ್ಕಟೆ ಕೊಡುತ್ತೇವೆಂದರು. ಹಳೆಯ ಕ್ರಿಬ್ಬುಗಳಲ್ಲಿ ಮಕ್ಕಳು ಸಿಕ್ಕಿಕೊಂಡ ಸುದ್ದಿ ಓದಿದ್ದೆ, ಬೇಡವೆಂದೆ.

ಮೇಲಿನ ಮನೆಯಲ್ಲಿ ಅಕ್ಕ ಇದ್ದರು. ಅಕ್ಕ ಎಂದು ನಾನು ಕರೆಯುತ್ತಿದ್ದೆ ಅಷ್ಟೇ, ವಯಸ್ಸಿನಲ್ಲಿ ನನ್ನ ಅಮ್ಮನಿಗಿಂತ ಸ್ವಲ್ಪ ಚಿಕ್ಕವರು. ಗದಗದ ಕಡೆಯವರು. ಗಂಡ ಟ್ರಕ್ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅಕ್ಕ ಬೆಳಗಿನ ಶಿಫ್ಟು ಮುಗಿಸಿ ಬಂದು, ಚಹಾ ಕುಡಿದು, ಗ್ಯಾರೇಜಿನ ಬಾಗಿಲು ಮೇಲೆತ್ತುತ್ತಿದ್ದರು. ಅವರ ತಂದೆ ಬಡಗಿ. ಗರಗಸದ ಇನ್ನೊಂದು ತುದಿ ಹಿಡಿಯಲು ಮನೆಯಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಅಪ್ಪ ಇವರ ಕೈಗೆ ಕೊಟ್ಟರು, ಇವರು ಬಿಡಲಿಲ್ಲ. ಅಡುಗೆಮನೆಯ ಕಪಾಟು, ದೇವರ ಮಂಟಪ, ಬೂಟಿನ ಸ್ಟ್ಯಾಂಡು ಎಲ್ಲ ಅವರ ಕೈಯದೇ. ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಇಡೀ ಮನೆ ಹುಡುಕುವುದು ಅವರ ದಿನನಿತ್ಯದ ಕಾರ್ಯಕ್ರಮ.

ಒಂದು ದಿನ ನಾನು ಹೊರಗಿನ ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದೆ.

"ಏನ್ ತಂಗಿ, ಆ ಫೋನಿನ್ಯಾಗ ಹುಟ್ಟತೈತೇನ ಕೂಸು?" ಎಂದರು.

ಕ್ರಿಬ್ಬಿನ ವಿಷಯ ಹೇಳಿದೆ. ಅವರು ನಕ್ಕುಬಿಟ್ಟರು. "ಇಷ್ಟಕ್ಕ ಮಾರಿ ಸಣ್ಣ ಮಾಡ್ಕೊಂಡಿಯೇನ? ನಾಕ್ ಹಲಿಗಿ ತಂದ್ರ ನಾನ ಮಾಡಿ ಕೊಡತೀನಿ."

ನನ್ನ ಗಂಡ ಉತ್ಸಾಹದಿಂದ ವೇರ್‌ಹೌಸಿನ ಹಿಂದೆ ಬಿಸಾಡಿದ್ದ ಸರಕು ಪೇರಿಸುವ ಎರಡು ಮರದ ಪ್ಯಾಲೆಟ್ ಹೊತ್ತು ತಂದರು. ಅಕ್ಕ ಅವನ್ನು ಮೂಸಿ ನೋಡಿ, ಗೋಡೆಗೆ ಒರಗಿಸಿ, ಇದರಲ್ಲಿ ಚಪ್ಪಲಿ ಇಡುವ ಹಲಗೆ ಮಾಡಿಕೊಳ್ಳಿ ಎಂದರು. "ಇದರ ಮ್ಯಾಲೆ ಏನೇನ್ ಚೆಲ್ಲಿರ್ತದೋ ಯಾರಿಗ್ ಗೊತ್ತು. ಕೂಸು ಕಡೀತೈತಿ ಅದನ್ನ." ಕೊನೆಗೆ ಮರದ ಅಂಗಡಿಯ ಹಿಂಭಾಗದಲ್ಲಿ ಡೊಂಕು, ಗಂಟು ಎಂದು ಅಗ್ಗಕ್ಕೆ ಹಾಕಿದ್ದ ಪೈನ್ ಹಲಗೆಗಳನ್ನು ಒಂದೊಂದನ್ನೇ ಕಣ್ಣಿಗೆ ಹಿಡಿದು ನೋಡಿ ಆರಿಸಿ ತಂದರು. ಡೊಂಕನ್ನು ತೋಪಡದಿಂದ ಹೆರೆದು ತೆಗೆದರು. ಸುರುಳಿ ಸುರುಳಿಯಾಗಿ ಬೀಳುತ್ತಿದ್ದ ಹೊಟ್ಟಿನ ನಡುವೆ ಕುರ್ಚಿ ಹಾಕಿಕೊಂಡು ನಾನು ಕಡ್ಡಿಗಳಿಗೆ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದೆ. ಕಡ್ಡಿಗಳ ನಡುವೆ ತಂಪು ಪಾನೀಯದ ಕ್ಯಾನು ತೂರಬಾರದು ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಅಂದಿನಿಂದ ಅವರು ಪ್ರತಿ ಕಡ್ಡಿ ಕೂರಿಸಿದ ಮೇಲೂ ಖಾಲಿ ಕ್ಯಾನನ್ನು ನನ್ನ ಕೈಗೇ ಕೊಟ್ಟು, "ನೋಡವಾ ಇನ್‌ಸ್ಪೆಕ್ಟರು" ಎನ್ನುತ್ತಿದ್ದರು. ವಾರ್ನಿಶ್ ಬೇಡವೆಂದು ಕೊಬ್ಬರಿ ಎಣ್ಣೆ ಉಜ್ಜಿದರು. ಆ ಎರಡು ವಾರ ನಾನು ಫೋನು ನೋಡಿದ್ದು ಕಡಿಮೆ. ಹೆದರಿಕೆ ಹೋಗಿರಲಿಲ್ಲ, ಆದರೆ ಕೈಗೆ ಕೆಲಸವಿತ್ತು.

ಎರಡೂ ಪಕ್ಕಗಳಿಗೆ ಮೇಲೊಂದು, ಕೆಳಗೊಂದು ಬರುವ ಉದ್ದದ ಪಟ್ಟಿಗಳನ್ನು ಅಳೆಯುವಾಗ ಅವರು ಟೇಪಿನ ಮುಂದೆ ತೋರುಬೆರಳು, ನಡುಬೆರಳು ಜೋಡಿಸಿ ಇಟ್ಟು, ಅದರ ಆಚೆ ಗೆರೆ ಎಳೆದದ್ದನ್ನು ನೋಡಿದ್ದೆ.

"ತುಂಬಿದ ಅಳತಿ ಮಾಡಬಾರದು ತಂಗಿ. ಎರಡ ಬೆರಳ ಹೆಚ್ಚಿಗಿ ಇರಬೇಕು. ಅದಕ್ಕ ಆಯ ಅಂತಾರ. ಮನಿಗೆ ಇರತೈತಿ, ಬಾಗಲಕ್ಕ ಇರತೈತಿ, ಮಂಚಕ್ಕೂ ಬೇಕು. ನಮ್ಮಪ್ಪ ಆಯ ಕೂಡಿಸದ ಒಂದ ಕುಂದ್ರೂ ಮಣಿನೂ ಮಾಡಲಿಲ್ಲ."

ತಲೆಯಾಡಿಸಿದೆ. ನಮ್ಮ ಊರಲ್ಲೂ ಮನೆ ಕಟ್ಟುವಾಗ ಶುಭದ ಅಳತೆಯೆಂದು ಆಯ ನೋಡುವುದುಂಟು. ಒಳ್ಳೆಯದೇ ಆಗಲಿ ಎಂದುಕೊಂಡೆ.

ಕ್ರಿಬ್ ಕೆಳಗೆ ಬಂತು. ಎರಡು ದಿನದ ಮೇಲೆ ಹಾಸಿಗೆಯೂ ಬಂತು. ಅದು ಅಂಗಡಿಯ ಹಾಸಿಗೆ, ಅಂಗಡಿಯವರ ಅಳತೆ. ಹಾಸಿ ನೋಡಿದರೆ ಕಾಲಿನ ಕಡೆ ಸಂದು. ಕ್ಲಿನಿಕ್ಕಿನ ನರ್ಸು ಕೊಟ್ಟಿದ್ದ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದ್ದೆ. ಅದರಲ್ಲೊಂದು ಚಿತ್ರ: ಹಾಸಿಗೆಗೂ ಮರಕ್ಕೂ ನಡುವೆ ಎರಡು ಬೆರಳು ಇಳಿದರೆ ಆ ಕ್ರಿಬ್ ಬಳಸಬೇಡಿ, ಮಗುವಿನ ಮುಖ ಸಂದಿನಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ನಾನು ಬೆರಳಿಟ್ಟೆ. ಎರಡೂ ಬೆರಳು ಸಲೀಸಾಗಿ, ಬುಡದವರೆಗೂ ಇಳಿದವು.

ಅವರು ಶುಭಕ್ಕೆಂದು ಸೇರಿಸಿದ್ದೂ ಎರಡು ಬೆರಳು, ಈ ಕಾಗದ ಬೇಡವೆಂದದ್ದೂ ಎರಡು ಬೆರಳು. ಟವೆಲ್ ಸುತ್ತಿ ತುರುಕಿದೆ. ಅದೂ ಕೂಡದೆಂದು ಅದೇ ಕಾಗದದಲ್ಲಿತ್ತು, ಕಿತ್ತು ತೆಗೆದೆ. ಮೂರು ದಿನ ಅಕ್ಕನಿಗೆ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಮಾಡಿಕೊಟ್ಟವರಿಗೆ ಹೇಗೆ ಹೇಳುವುದು? ಹೇಳದಿದ್ದರೆ ಮಗು... ಹೋದಾಗ ಬಂದಾಗಲೆಲ್ಲ ಆ ಸಂದಿಗೆ ಬೆರಳಿಟ್ಟು ನೋಡುತ್ತಿದ್ದೆ, ಅದೇನೋ ತಾನಾಗಿ ಕಿರಿದಾಗುತ್ತದೆ ಎನ್ನುವ ಹಾಗೆ. ನನ್ನ ಗಂಡ, "ಹೇಳಿಬಿಡು, ಅವರೇ ಸರಿ ಮಾಡ್ತಾರೆ, ಅದಕ್ಕೇನಂತೆ" ಎಂದರು. ಅವರಿಗೆ ಎಲ್ಲವೂ ಅದಕ್ಕೇನಂತೆ.

ನಾಲ್ಕನೇ ದಿನ ಅಕ್ಕ ತಾವೇ ಕೆಳಗೆ ಬಂದರು, ಒಂದು ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಿಡಿದು. ನಾನು ಕಾಗದ ತೋರಿಸಿದೆ, ಸಂದು ತೋರಿಸಿದೆ, ಎರಡು ಬೆರಳು ಕೊಯ್ದುಬಿಡಿ ಎಂದೆ. ಅವರು ಮಂಚದ ಪಟ್ಟಿಯ ಮೇಲೆ ಕೈಯಿಟ್ಟರು.

"ಹಾಸಿಗಿ ದೊಡ್ಡದ ಹೊಲಿಸೂಣ," ಎಂದರು. "ಆಯ ಕೊಯ್ಯಬಾರದು. ನನ್ನ ಮೊದಲನೇ ಕೂಸಿಗೆ ನಮ್ಮಪ್ಪ ಮಂಚ ಮಾಡಲಿಲ್ಲ, ಕೈ ಮುರಕೊಂಡು ಮಲಗಿದ್ದ. ಪ್ಯಾಟ್ಯಾಗಿಂದ ರೆಡಿಮೇಡ್ ತಂದ್ವಿ. ಎರಡ ತಿಂಗಳ ಇತ್ತು ಕೂಸು..."

ಅವರಿಗೆ ಮಕ್ಕಳಿಲ್ಲವೆಂದು ಗೊತ್ತಿತ್ತು. ಒಂದು ಇತ್ತು ಎಂದು ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಅವರ ಕೈ ಹಿಡಿದುಕೊಳ್ಳಬೇಕಿತ್ತು. ಅವರು ಸುಟ್ಟುಕೊಂಡದ್ದೂ ಅದೇ ಹಾಲಿನಿಂದ ಎಂದು ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಾಗಬೇಕು? ಆದರೆ ನನ್ನ ಬಾಯಿಂದ ಬಂದದ್ದು ಇದು:

"ನಿಮ್ಮ ಮಗು ಹೋಗಿದ್ದಕ್ಕೆ ಮಂಚ ಕಾರಣ ಅಲ್ಲ ಅಕ್ಕ. ನನ್ನ ಮಗು ಹೋದ್ರೆ ಮಾತ್ರ ಈ ಮಂಚವೇ ಕಾರಣ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಹೋಳಿಗೆ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮಂಚ ಮ್ಯಾಲೆ ಕಳಿಸು" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಎರಡು ದಿನ ಗ್ಯಾರೇಜಿನಿಂದ ಗರಗಸದ ಸದ್ದು, ಸುತ್ತಿಗೆಯ ಸದ್ದು. ನಾನು ಹೋಗಲಿಲ್ಲ. ಹೋಗಿ ಕುರ್ಚಿ ಹಾಕಿಕೊಂಡು ಕೂರಲು ನನಗೆ ಮುಖವಿರಲಿಲ್ಲ. ಮೂರನೇ ದಿನ ಕೆಲಸದಿಂದ ಬಂದ ನನ್ನ ಗಂಡನೇ ಮಂಚವನ್ನು ಇಳಿಸಿಕೊಂಡು ಬಂದರು. ಹಾಸಿಗೆ ಹಾಸಿದೆವು. ಸುತ್ತ ಎಲ್ಲೂ ಒಂದು ಬೆರಳೂ ಇಳಿಯಲಿಲ್ಲ. ಕಾಲಿನ ಕಡೆಯ ಎರಡು ಕಂಬಗಳ ಹೊರಮೈಗೆ ನಾಲ್ಕು ಮರದ ತುಂಡುಗಳು ಹೊಸದಾಗಿ ಕೂತಿದ್ದವು, ಮೇಲೆ ಎರಡು, ಕೆಳಗೆ ಎರಡು. ಅಂದಕ್ಕೆ ಇರಬೇಕು, ಇಲ್ಲವೇ ಗೋಡೆಗೆ ತಾಗದಿರಲಿ ಎಂದು ಇರಬೇಕು ಎಂದುಕೊಂಡೆ. ಕೇಳಲಿಲ್ಲ.

ಮುಂದಿನ ವಾರವೇ ಮಗಳು ಹುಟ್ಟಿದಳು, ಹೇಳಿದ ದಿನಕ್ಕಿಂತ ಮುಂಚೆ, ಆದರೂ ಗಟ್ಟಿಯಾಗಿ ಕಿರುಚುತ್ತ. ಹೆಸರಿಡುವ ದಿನ ಅಕ್ಕ ಬಂದರು. ಎಲ್ಲರೂ ಮೊದಲು ಮಗುವನ್ನು ನೋಡಿದರೆ ಅವರು ಮೊದಲು ಮಂಚದ ಹತ್ತಿರ ಹೋಗಿ, ಹಾಸಿಗೆಯ ಅಂಚಿಗೆ ತಮ್ಮ ಎರಡು ಬೆರಳು ಒತ್ತಿ ನೋಡಿದರು. "ಹೋಗವಲ್ದು," ಎಂದು ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ. ಕ್ಷಮಿಸಿ ಎನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ, ಆದರೆ ಮನೆ ತುಂಬ ಜನ, ಆಮೇಲೆ ಹೇಳೋಣ ಎಂದುಕೊಂಡೆ...

ಆ ಆಮೇಲೆ ಬರಲೇ ಇಲ್ಲ. ನನ್ನ ಗಂಡನಿಗೆ ಎಟೋಬಿಕೋಕಿನಲ್ಲಿ ಕೆಲಸ ಸಿಕ್ಕಿತು, ಈ ಕಡೆ ಬಂದೆವು. ಅಕ್ಕ ಮತ್ತು ಅವರ ಗಂಡ ಟ್ರಕ್ಕಿನ ಕೆಲಸವೆಂದು ಪಶ್ಚಿಮದ ಕಡೆ ಹೊರಟುಹೋದರು. ಮೊದಮೊದಲು ಹಬ್ಬಕ್ಕೆ ಫೋನು, ಆಮೇಲೆ ಹಬ್ಬಕ್ಕೆ ಮೆಸೇಜು, ಆಮೇಲೆ ಅದೂ ಇಲ್ಲ. ಹೋದ ವರ್ಷದ ಚಳಿಗಾಲದಲ್ಲಿ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಹಾರದೊಂದಿಗೆ. ನಾನು ತರಕಾರಿ ಅಂಗಡಿಯ ಪಾರ್ಕಿಂಗಿನಲ್ಲಿದ್ದೆ. ನನಗಿಂತ ಮುಂಚೆ ಎಷ್ಟೋ ಜನ ಓಂ ಶಾಂತಿ ಎಂದು ಹಾಕಿದ್ದರು. ಅವರಲ್ಲಿ ಅರ್ಧ ಜನಕ್ಕೆ ಅಕ್ಕ ಯಾರೆಂದೇ ಗೊತ್ತಿರಲಿಲ್ಲ. ನಾನೂ ಅವರ ಕೆಳಗೆ ಓಂ ಶಾಂತಿ ಎಂದು ಹಾಕಿದೆ. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಶನಿವಾರ ಗರಗಸ ಕೆಳಗಿಟ್ಟು, ಮೊದಲು ಕಾಲಿನ ಕಡೆಯ ಆ ನಾಲ್ಕು ತುಂಡುಗಳನ್ನು ತೆಗೆಯೋಣವೆಂದು ಸ್ಕ್ರೂ ಬಿಚ್ಚಿದೆ. ಮೊದಲನೆಯದು ಕೈಗೆ ಬಂತು. ಅದರ ಒಳಮೈಯಲ್ಲಿ ಕಪ್ಪು ಗಂಟೊಂದು ಅರ್ಧಕ್ಕೆ ಕೊಯ್ದಂತಿತ್ತು. ಏನೋ ಅನುಮಾನವಾಗಿ ಆ ಕಂಬದಿಂದ ಉದ್ದದ ಪಟ್ಟಿಯನ್ನೂ ಬಿಚ್ಚಿದೆ. ಪಟ್ಟಿಯ ತುದಿಯಲ್ಲಿ ಅದೇ ಗಂಟಿನ ಇನ್ನರ್ಧ. ಎರಡನ್ನೂ ಜೋಡಿಸಿ ಹಿಡಿದೆ. ಮರದ ಗೆರೆಗಳು ಒಂದೂ ತಪ್ಪದೆ ಕೂಡಿಕೊಂಡವು. ಉಳಿದ ಮೂರನ್ನೂ ಬಿಚ್ಚಿದೆ, ಮೂರೂ ಹಾಗೆಯೇ.

ಅಕ್ಕ ನನ್ನ ಮಾತಿಗೆ ನಾಲ್ಕೂ ಪಟ್ಟಿಗಳನ್ನು ಕೊಯ್ದಿದ್ದರು. ಕೊಯ್ದ ಪ್ರತಿಯೊಂದು ತುಂಡನ್ನೂ ಬಿಸಾಡದೆ, ಆಯಾ ಪಟ್ಟಿಯ ನೇರಕ್ಕೇ, ಕಂಬದ ಆಚೆ ಕೂರಿಸಿದ್ದರು. ಒಳಗೆ ಹಾಸಿಗೆಗೆ ಸರಿಯಾಗಿ, ಹೊರಗೆ ಅವರ ಅಪ್ಪನ ಅಳತೆ ಹಾಗೆಯೇ. ನನ್ನ ಮಗಳು ಎರಡು ವರ್ಷ ಆ ಆಯದೊಳಗೇ ಮಲಗಿದ್ದಳು. ನಾನು ಅಷ್ಟು ಕೆಟ್ಟ ಮಾತಾಡಿದ ಮೇಲೂ ಅವರು ನನ್ನ ಮಗುವನ್ನು ಎರಡೂ ಕಡೆಯಿಂದ ಕಾಪಾಡಿದ್ದರು, ನನ್ನ ಹೆದರಿಕೆಯ ಕಡೆಯಿಂದ, ಅವರ ಹೆದರಿಕೆಯ ಕಡೆಯಿಂದ. ಒಂದು ಮಾತೂ ಹೇಳಿರಲಿಲ್ಲ.

ಮಗಳಿಗೆ ಎಲ್ಲವನ್ನೂ ಹೇಳಿದೆ. ನಾನು ಆಡಿದ ಮಾತನ್ನೂ ಹೇಳಿದೆ. ಅವಳು ಎಲ್ಲ ಕೇಳಿ, "ಡಿಡ್ ಯು ಸೇ ಸಾರಿ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ.

ಮೇಜು ಭಾನುವಾರ ಸಂಜೆಗೆ ಮುಗಿಯಿತು. ಸ್ವಲ್ಪ ಅಲುಗಾಡುತ್ತದೆ, ಅಕ್ಕ ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದರು. ನಾಲ್ಕು ತುಂಡುಗಳನ್ನು ಅದರ ಒಂದು ಪಕ್ಕಕ್ಕೆ ಕೂರಿಸಿದ್ದೇವೆ. ಕಿಟಕಿಯ ಕೆಳಗಿನ ಜಾಗಕ್ಕೆಂದು ಅಳೆದು ಮಾಡಿದ ಮೇಜು ಈಗ ಅಲ್ಲಿ ಹಿಡಿಸುವುದಿಲ್ಲ, ಬೇರೆ ಗೋಡೆಗೆ ಹಾಕಿದೆವು. ಮಗಳು ಶಾಲೆಗೆ ಹೋದ ಮೇಲೆ ಒಬ್ಬಳೇ ಹೋಗಿ ಒಂದು ತುಂಡಿನ ಪಕ್ಕ ನನ್ನ ಎರಡು ಬೆರಳು ಜೋಡಿಸಿ ಇಟ್ಟು ನೋಡಿದೆ. ಸಾಲಲಿಲ್ಲ. ಅಕ್ಕನ ಬೆರಳುಗಳು ನನ್ನವಕ್ಕಿಂತ ದಪ್ಪ ಇದ್ದವು.