ಪಕ್ಕೀರಮ್ಮನ ಲಾಳಿಕೆ

ಸಿರುಗುಪ್ಪದ ಆಸ್ಪತ್ರೆ ಆಯಾ ಪಕ್ಕೀರಮ್ಮನಿಗೆ ನಾಲ್ಕು ದಿನದ ಕೂಲಿ ಇನ್ನೂ ಬರಬೇಕು. ದಿನಕ್ಕೆ ಮೂರರಂತೆ ಹನ್ನೆರಡು ರೂಪಾಯಿ. ೧೯೭೪ರ ಬಾಕಿ.

ಅವಳ ಅಪ್ಪ ಕುರುಗೋಡಿನಲ್ಲಿ ಜಟಕಾ ಹೊಡೆಯುತ್ತಿದ್ದ. ಗಡಿಯಾರ ನೋಡಲು ಬಾರದ ಅವಳಿಗೆ ಕುದುರೆಯ ಹೆಜ್ಜೆ ಮಾತ್ರ ಪಕ್ಕಾ ಗೊತ್ತು. ಬಸುರಿಯ ಹೊಟ್ಟೆಗೆ ಇಟ್ಟು ಕೇಳುವ ಮರದ ನಳಿಗೆ ನರ್ಸಮ್ಮನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಪಕ್ಕೀರಮ್ಮ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ಎಣ್ಣೆ ಹಾಕುವ ಹಿತ್ತಾಳೆ ಲಾಳಿಕೆ ಕೊಂಡು ತಂದಳು. ಅಗಲದ ಬಾಯಿ ಹೊಟ್ಟೆಗೆ, ಸಣ್ಣ ಬಾಯಿ ಕಿವಿಗೆ. ಕೂಸಿನ ಎದೆ ಚೆನ್ನಾಗಿ ಬಡಿಯುತ್ತಿದ್ದರೆ, "ಕುದುರಿ ಓಡತೈತಿ, ಮನಿಗೆ ನಡೀರಿ" ಅನ್ನುವಳು.

೧೯೭೪ರ ಒಂದು ಬೆಳಿಗ್ಗೆ ದೇಶನೂರಿನ ಎರ್ರಮ್ಮ ತನ್ನ ಸೊಸೆ ಪಾರಮ್ಮನನ್ನು ಕರೆದುಕೊಂಡು ಬಂದಳು. ಹೆರಿಗೆ ನೋವು ಶುರುವಾಗಿತ್ತು. ಡಾಕ್ಟರು ರಜೆ, ನರ್ಸಮ್ಮ ಮೀಟಿಂಗಿಗೆ. ಪಕ್ಕೀರಮ್ಮ ಲಾಳಿಕೆ ಇಟ್ಟಳು. ಒಂದು ನೋವು ಬಂದು ಹೋಯಿತು. ಮತ್ತೊಂದೂ ಹೋಯಿತು. ಅವಳು ಕಿವಿ ತೆಗೆಯಲಿಲ್ಲ.

"ಕುದುರಿ ಕುಂಟಾಕ ಹತ್ತೈತಿ. ಬಳ್ಳಾರಿಗೆ ಹೊಂಡ್ರಿ."

ಎರ್ರಮ್ಮ ಹಣೆ ಬಡಿದುಕೊಂಡಳು. "ಕುಂಟ ಕೂಸು ಹೆರಾಕ ಬಳ್ಳಾರಿ ಯಾಕಬೇ? ಇಲ್ಲೇ ಹೆರ್ಲಿ. ಕುಂಟಿಕೋತ ಬದುಕ್ಲಿ."

"ಕಾಲಲ್ಲಬೇ ಯಕ್ಕಾ, ಎದಿ! ಎದಿ ಕುಂಟತೈತಿ!"

"ಎದಿಗೆ ಕಾಲು ಎಲ್ಲೈತಬೇ?"

ಪಕ್ಕೀರಮ್ಮ ಅವಳ ತಲೆ ಹಿಡಿದು ಬಗ್ಗಿಸಿ ಲಾಳಿಕೆಗೆ ಕಿವಿ ಹಚ್ಚಿಸಿದಳು. "ಬಾಯಿ ಮುಚ್ಚು. ಕೇಳು."

"ಓಡತೈತಲ್ಲಬೇ, ಚಲೋ ಓಡತೈತಿ..." ಅಷ್ಟರಲ್ಲಿ ಪಾರಮ್ಮನಿಗೆ ನೋವು ಬಂತು. ನೋವು ಇಳಿದ ಮೇಲೂ ಎರ್ರಮ್ಮ ಬಗ್ಗಿಯೇ ಇದ್ದಳು. "ನಿಧಾನ ಆತಲ್ಲಬೇ. ಯವ್ವಾ, ನಿಲ್ಲತೈತಿ!"

ಎದ್ದವಳೇ ರಸ್ತೆಗೆ ಓಡಿ, ಭತ್ತದ ಲಾರಿಗೆ ಅಡ್ಡ ನಿಂತಳು. ಡ್ರೈವರ್ ಬೈದ. ಅವಳು ಅವನಿಗಿಂತ ಜೋರಾಗಿ ಬೈದಳು. ಮೂವರೂ ಹತ್ತಿದರು. ದಾರಿಯುದ್ದಕ್ಕೂ ಪಕ್ಕೀರಮ್ಮ ಲಾಳಿಕೆ ಇಡುವಳು, ಲಾರಿಯ ಸದ್ದಿನಲ್ಲಿ ಏನೂ ಕೇಳದೆ ಬೈದುಕೊಂಡು ತೆಗೆಯುವಳು.

ಬಳ್ಳಾರಿಯ ಡಾಕ್ಟರು ತಮ್ಮ ನಳಿಗೆ ಇಟ್ಟು ಕೇಳಿದರು. ಕೂಡಲೇ ಹೊಟ್ಟೆ ಕೊಯ್ದರು. ಕೂಸಿನ ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಬಿಗಿದಿತ್ತು. ಹೆಣ್ಣು. ಅತ್ತಿತು. ಎರ್ರಮ್ಮ ಮೊದಲು ಅದರ ಎರಡೂ ಕಾಲು ಎಳೆದು ನೋಡಿದಳು.

ಹೊಲಿಗೆ ಹಾಕಿಸಿಕೊಂಡ ಸೊಸೆಯ ಹತ್ತಿರ ಒಬ್ಬಳೇ ಇರಲು ಎರ್ರಮ್ಮ ಅಂಜಿದಳು. ಪಕ್ಕೀರಮ್ಮ ನಾಲ್ಕು ದಿನ ಜತೆಗಿದ್ದು ಸಿರುಗುಪ್ಪಕ್ಕೆ ಮರಳಿದಳು. ಹಾಜರಿ ಪುಸ್ತಕದಲ್ಲಿ "ಅನುಮತಿ ಇಲ್ಲದೆ ಗೈರು" ಎಂದು ಬರೆದು, ನಾಲ್ಕು ದಿನದ ಕೂಲಿ ಹಿಡಿದಾಗಿತ್ತು. ಅನುಮತಿ ಕೊಡಲು ಆವತ್ತು ಅಲ್ಲಿ ಯಾರಿದ್ದರು ಎಂದು ಯಾರೂ ಬರೆದಿರಲಿಲ್ಲ. ಬಳ್ಳಾರಿಯ ಚೀಟಿಯಲ್ಲಿ "ಎದೆಬಡಿತದ ಇಳಿಕೆ ಸಕಾಲದಲ್ಲಿ ಪತ್ತೆಯಾಗಿದೆ" ಎಂದಿತ್ತು. ಪತ್ತೆ ಹಚ್ಚಿದ್ದು ಯಾರು ಅನ್ನುವುದು ಅದರಲ್ಲೂ ಇರಲಿಲ್ಲ.

ಆ ಹುಡುಗಿ ಈಗ ಶಾಲೆಗೆ ಓಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಗೈರು ಶುರುವಾದ ತಾರೀಖೂ ಚೀಟಿಯ ತಾರೀಖೂ ಒಂದೇ. ಆಸ್ಪತ್ರೆಯ ಸಾಹೇಬರೇ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿರಿ. ಓದಿದ ಮೇಲೆ ಉತ್ತರ ಕೊಡಿರಿ: ಕುದುರೆ ಕುಂಟಿದ್ದನ್ನು ಕೇಳಿದ ಆ ಕಿವಿಗೆ ನಾಲ್ಕು ದಿನದ ಕೂಲಿ ಯಾವಾಗ ಕೊಡ್ತೀರಿ?