ಕಲ್ಲಿನಂತೆ ಇರು ಎಂದರೆ

ಮೊಮ್ಮಗಳು ನಳಿನಿಯ ಮದುವೆಯಲ್ಲಿ ಪುರೋಹಿತರ ಮಂತ್ರವನ್ನು ಮದುವೆ ಗಂಡೇ ನಿಲ್ಲಿಸಿಬಿಟ್ಟ.

ಹೆಣ್ಣಿನ ಬಲಗಾಲನ್ನು ಗಂಡು ಹಿಡಿದು ಅರೆಯುವ ಕಲ್ಲಿನ ಮೇಲಿಡುವ ಶಾಸ್ತ್ರ ನಿಮಗೆ ಗೊತ್ತಲ್ಲ. ಈ ಕಲ್ಲಿನಂತೆ ಅಲ್ಲಾಡದೆ ಇರು ಎಂದು ಅದರ ಅರ್ಥ. (ಗಂಡಿನ ಕಾಲನ್ನು ಯಾವ ಕಲ್ಲಿನ ಮೇಲೂ ಇಡಿಸುವುದಿಲ್ಲ. ಅವನು ಬೇಕಾದಷ್ಟು ಅಲ್ಲಾಡಬಹುದು.) ನಮ್ಮ ಮದುವೆ ಗಂಡು ಶ್ರೀಧರ ಜಿಯಾಲಜಿಸ್ಟ್. ಭದ್ರಾವತಿಯಲ್ಲಿ ಮನೆ, ಅದಿರು ಹುಡುಕುತ್ತಾ ಗುಡ್ಡ ಸುತ್ತುವ ಕೆಲಸ. ಕಾಲು ಹಿಡಿಯಲು ಬಗ್ಗಿದವನು ಕಲ್ಲನ್ನೇ ನೋಡುತ್ತಾ ಕೂತ.

"ಸ್ವಲ್ಪ ತಾಳಿ ಶಾಸ್ತ್ರಿಗಳೇ. ಈ ಪಟ್ಟೆ ಹೆಂಗೆ ಮಡಚಿಕೊಂಡಿದೆ ನೋಡಿ. ಇದು ಅಲ್ಲಾಡದೆ ಇದ್ದ ಕಲ್ಲಲ್ಲ."

"ಬೆಂಕಿ ಆರುತ್ತೆ ಮಾರಾಯ, ಮೊದಲು ಕಾಲೆತ್ತು," ಎಂದರು ಶಾಸ್ತ್ರಿಗಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಊಟದ ಪಂಕ್ತಿಯಲ್ಲಿ ಲೆಕ್ಚರ್ ಮುಂದುವರಿಯಿತು. ಒಂದು ಕಾಲದಲ್ಲಿ ನೆಲ ಅಮುಕಿಸಿಕೊಂಡು ಬೆಟ್ಟವಾಗಿ ಎದ್ದಿತಂತೆ. ಅದರಡಿಗೆ ಸಿಕ್ಕ ಕಲ್ಲು ಆಳಕ್ಕಿಳಿದು, ಬಿಸಿಗೆ ಮೆದುವಾಗಿ, ಕರಗದೆಯೇ ಮಡಚಿಕೊಂಡಿತಂತೆ. ಒಳಗಿನ ಹರಳುಗಳು ಕೂಡ ಒತ್ತಡಕ್ಕೆ ತಕ್ಕಂತೆ ಹೊಸದಾಗಿ ಹುಟ್ಟಿ, ಒಂದೇ ದಿಕ್ಕಿಗೆ ಸಾಲುಗಟ್ಟಿದವಂತೆ. ಆ ಬೆಟ್ಟ ಸವೆದು ಹೋಯಿತು, ಕಲ್ಲಿನ ಮಡಿಕೆ ಉಳಿಯಿತು. (ನಮ್ಮ ಕಾನ್ವೆಂಟಿನ ಜಿಯಾಗ್ರಫಿಯಲ್ಲಿ ಬೆಟ್ಟವೆಂದರೆ ಮ್ಯಾಪಿನ ಮೇಲಿನ ಕಂದು ಬಣ್ಣ, ಅಷ್ಟೆ.) ಎಷ್ಟು ಚೆಂದ ಹೇಳುತ್ತಾನೆ, ಇವನ ಮನೆಯಲ್ಲಿ ಹುಡುಗಿ ಸುಖವಾಗಿ ಓದಿಕೊಂಡಿರುತ್ತಾಳೆ ಅಂದುಕೊಂಡೆ.

ಓದಿನ ಮಾತು ಯಾಕೆಂದರೆ, ನಳಿನಿಯ ಇಂಟರ್‌ಮೀಡಿಯೆಟ್ ಇನ್ನೊಂದು ವರ್ಷ ಬಾಕಿ ಇತ್ತು. "ಮುಗಿಸಲಿ, ಶಿವಮೊಗ್ಗಕ್ಕೆ ರೈಲಿದೆಯಲ್ಲ" ಎಂದು ನಿಶ್ಚಿತಾರ್ಥದ ದಿನ ಶ್ರೀಧರನೇ ಹೇಳಿದ್ದ. ನಳಿನಿ ಮದುವೆಗೆ ಹ್ಞೂಂ ಅಂದದ್ದೇ ಆ ಒಂದು ಮಾತಿಗೆ.

ಜೂನ್ ಬಂತು. ಕಾಲೇಜು ತೆರೆಯಿತು. ನಮ್ಮೂರು ಶಿವಮೊಗ್ಗದಲ್ಲಿ ಹುಡುಗಿಯ ಸುಳಿವಿಲ್ಲ. ಹೋದ ವಾರ ನಾನೇ ಭದ್ರಾವತಿಯ ರೈಲು ಹತ್ತಿದೆ.

"ಅವಳು ಬೆಳಿಗ್ಗೆ ರೈಲಿಗೆ ಓಡಿದ್ರೆ ಇಲ್ಲಿ ಒಲೆ ಹಚ್ಚೋರ್ಯಾರು ಅಮ್ಮ?" ಎಂದರು ನಳಿನಿಯ ಅತ್ತೆ. "ಬಂದ ಮನೆಗೆ ಹೊಂದಿಕೊಂಡು ಹೋಗ್ಬೇಕಲ್ವಾ."

ಶ್ರೀಧರನ ಮುಖ ನೋಡಿದೆ. "ನಾವ್ಯಾರೂ ಫೋರ್ಸ್ ಮಾಡಿಲ್ಲ ಅಜ್ಜಿ. ಬೇಕಿದ್ರೆ ಅವಳನ್ನೇ ಕೇಳಿ."

ನಳಿನಿ ಕಾಫಿ ತಂದಳು. ಕೇಳಿದೆ.

"ನನಗೇ ಬೇಡ ಅನ್ನಿಸ್ತು ಅಜ್ಜಿ. ಓದಿ ಏನಾಗ್ಬೇಕು? ಹೊಂದಿಕೊಂಡು ಹೋಗ್ಬೇಕಲ್ವಾ."

ಮಾತು ಅತ್ತೆಯದು, ಗಂಟಲು ಮಾತ್ರ ಇವಳದು. ಮೇ ತಿಂಗಳಲ್ಲಿ ಧಾರೆ ಸೀರೆ ಆರಿಸು ಬಾರೇ ಎಂದು ಕರೆದರೆ, "ನೀವೇ ಆರಿಸಿ ಅಜ್ಜಿ, ನಂಗೆ ಪುರುಸೊತ್ತಿಲ್ಲ" ಎಂದು ಸೆಕೆಂಡ್ ಇಯರ್ ಪುಸ್ತಕಗಳಿಗೆ ರಟ್ಟು ಹಾಕುತ್ತಾ ಕೂತಿದ್ದ ಹುಡುಗಿ. ಯಾರೂ ಬೈದಿಲ್ಲ, ಹೊಡೆದಿಲ್ಲ. ದಿನಾ ಅಷ್ಟಷ್ಟೇ ಭಾರ. ಇದಕ್ಕೆ ಫೋರ್ಸ್ ಅನ್ನದೆ ಇನ್ನೇನು ಅನ್ನಬೇಕು?

ಹೊರಡುವಾಗ ಶ್ರೀಧರ ಜಗಲಿಯಲ್ಲಿಟ್ಟಿದ್ದ ಒಂದು ಕಲ್ಲನ್ನು ನನ್ನ ಕೈಗೆ ಕೊಟ್ಟ. "ಇದು ಮೊದಲು ಸಮುದ್ರದ ತಳದ ಕೆಸರು ಅಜ್ಜಿ. ಈಗ ನೋಡಿದ್ರೆ ಯಾರಿಗೂ ಗೊತ್ತಾಗಲ್ಲ, ನಮಗೆ ಮಾತ್ರ ಗೊತ್ತಾಗುತ್ತೆ."

ಕೋಟ್ಯಂತರ ವರ್ಷದ ಹಿಂದೆ ಕಲ್ಲು ಏನಾಗಿತ್ತೆಂದು ಹೇಳಬಲ್ಲವನಿಗೆ, ಮೇ ತಿಂಗಳಲ್ಲಿ ತನ್ನ ಹೆಂಡತಿ ಏನಾಗಿದ್ದಳೆಂದು ನೆನಪಿಲ್ಲವೇ?